ಮೊಲವನ್ನು ಬಿಟ್ಟು ಊರಿಗೆ ಹೋಗುವವರಿಗಾಗಿ: ನಿಮ್ಮ ಪುರವಣಿಯ ಒಂದು ಸಾಲಿನ ಬಗ್ಗೆ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ರಜಾ ಪುರವಣಿಯಲ್ಲಿ ಮನೆಗೆ ಬೀಗ ಹಾಕುವ ಮುಂಚೆ ಏನೇನು ಮಾಡಬೇಕು ಅಂತ ಒಂದು ಪುಟ ಬಂದಿತ್ತು. ಗ್ಯಾಸ್ ಬಂದ್ ಮಾಡಿ, ನಲ್ಲಿಗಳನ್ನು ನೋಡಿ, ಗಿಡಗಳಿಗೆ ನೀರಿನ ವ್ಯವಸ್ಥೆ ಮಾಡಿ ಅಂತೆಲ್ಲ ಚೆನ್ನಾಗಿಯೇ ಬರೆದಿದ್ದರು. ಕೊನೆಯಲ್ಲಿ ಸಾಕುಪ್ರಾಣಿಗಳ ವಿಷಯವೂ ಇತ್ತು. ನಾಯಿಯನ್ನು ಎಲ್ಲಿ ಬಿಡಬೇಕು, ಬೆಕ್ಕಿಗೆ ಏನು ಮಾಡಬೇಕು ಅಂತ ವಿವರವಾಗಿಯೇ ಇತ್ತು. ಮೊಲಕ್ಕೆ ಮಾತ್ರ ಒಂದೇ ಸಾಲು: ಗೂಡಿನಲ್ಲಿ ಜಾಸ್ತಿ ಆಹಾರ, ನೀರು ಇಟ್ಟು ಹೋದರೆ ಮೂರು ನಾಲ್ಕು ದಿನ ತೊಂದರೆಯಿಲ್ಲ ಅಂತ. ಅದನ್ನು ಓದಿ ನನಗೆ ನಿಜವಾಗಿ ಗಾಬರಿಯಾಯಿತು. ಪತ್ರಿಕೆಯಲ್ಲಿ ಬಂದಿದೆ ಎಂದ ಮೇಲೆ ಜನ ನಂಬುತ್ತಾರೆ, ಅಲ್ವಾ? ಯಾರಾದರೂ ಅದನ್ನು ನಂಬಿ ಹಾಗೇ ಹೊರಟುಬಿಡುವ ಮುಂಚೆ ಈ ಪತ್ರ ನಿಮಗೆ ತಲುಪಲಿ ಅಂತ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಪೂರ್ತಿ ಓದಿ.

ನಾನು ಮನೆಯಲ್ಲೇ ಹೊಲಿಗೆ ಕೆಲಸ ಮಾಡುವವಳು. ಮೊಲ ಸಾಕಲು ಶುರು ಮಾಡಿ ಎಷ್ಟೋ ವರ್ಷಗಳಾದವು. ಈಗ ನನ್ನ ಜೊತೆ ಇರುವವಳು ಚುಕ್ಕಿ, ಬಿಳಿ ಮೈ, ಬೆನ್ನ ಮೇಲೆ ಕಪ್ಪು ಮಚ್ಚೆಗಳು. ನಾನು ದಿನವಿಡೀ ಮನೆಯಲ್ಲೇ ಇರುತ್ತೇನೆ ಅಂತ ಗೊತ್ತಾದ ಮೇಲೆ ಅಕ್ಕಪಕ್ಕದವರು ಊರಿಗೆ ಹೋಗುವಾಗ ತಮ್ಮ ಮೊಲಗಳನ್ನು ನನ್ನ ಹತ್ತಿರ ಬಿಡಲು ಶುರು ಮಾಡಿದರು. ಕೆಲವರು ಮನೆ ಕೀ ಕೊಟ್ಟು ಹೋಗುತ್ತಾರೆ, ನಾನೇ ಅಲ್ಲಿಗೆ ಹೋಗಿ ನೋಡಿಕೊಂಡು ಬರುತ್ತೇನೆ. ಹಾಗಾಗಿ ಬಿಟ್ಟು ಹೋಗುವವರ ಆತಂಕವೂ ನನಗೆ ಗೊತ್ತು, ನೋಡಿಕೊಳ್ಳುವವರ ಆತಂಕವೂ ಗೊತ್ತು.

ಮೊದಲು ಆ ಸಾಲು ಯಾಕೆ ತಪ್ಪು ಅಂತ ಹೇಳುತ್ತೇನೆ. ಮೊಲದ ಹೊಟ್ಟೆ ನಮ್ಮ ಹೊಟ್ಟೆಯ ಥರ ಅಲ್ಲ. ನಾವು ಒಂದು ಹೊತ್ತು ಉಪವಾಸ ಇರಬಹುದು, ನಾಯಿಯೂ ಇರಬಹುದು. ಮೊಲ ಹಾಗಿರಲು ಆಗುವುದಿಲ್ಲ. ಅದರ ಕರುಳು ಸದಾ ಕೆಲಸ ಮಾಡುತ್ತಲೇ ಇರಬೇಕು. ಅದಕ್ಕಾಗಿಯೇ ಅದು ದಿನವಿಡೀ ಸ್ವಲ್ಪ ಸ್ವಲ್ಪ ಹುಲ್ಲು ಮೆಲ್ಲುತ್ತಿರುತ್ತದೆ. ಹೆದರಿಕೆ, ನೋವು, ಸೆಕೆ, ಹೊಸ ಜಾಗ, ಹೊಸ ತಿಂಡಿ, ಹಲ್ಲಿನ ತೊಂದರೆ, ಇದರಲ್ಲಿ ಯಾವುದೇ ಒಂದು ಕಾರಣಕ್ಕೆ ಮೊಲ ತಿನ್ನುವುದನ್ನು ನಿಲ್ಲಿಸಬಹುದು. ನಿಲ್ಲಿಸಿತು ಅಂದರೆ ಕರುಳು ನಿಧಾನವಾಗುತ್ತದೆ. ಒಳಗಿರುವುದು ಒಣಗಿ ಗಟ್ಟಿಯಾಗುತ್ತದೆ, ಗ್ಯಾಸ್ ತುಂಬಿಕೊಳ್ಳುತ್ತದೆ, ನೋವು ಶುರುವಾಗುತ್ತದೆ. ನೋವಾದರೆ ಇನ್ನೂ ತಿನ್ನುವುದಿಲ್ಲ. ಮೊಲಕ್ಕೆ ವಾಂತಿ ಮಾಡಲೂ ಬರುವುದಿಲ್ಲ. 12 ಗಂಟೆ ಏನೂ ತಿನ್ನದ, ಹಿಕ್ಕೆ ಹಾಕದ ಮೊಲವನ್ನು ತಡಮಾಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಒಂದೆರಡು ದಿನ ಹಾಗೇ ಬಿಟ್ಟರೆ ಜೀವ ಹೋಗಬಹುದು.

ಈಗ ಆ ಸಾಲನ್ನು ಇನ್ನೊಮ್ಮೆ ನೋಡಿ. ಮೂರು ನಾಲ್ಕು ದಿನಕ್ಕೆ ಸಾಲುವಷ್ಟು ಆಹಾರ ಇಟ್ಟಿದ್ದೀರಿ, ಸರಿ. ಅದು ತಿನ್ನುತ್ತಿದೆಯೋ ಇಲ್ಲವೋ ಅಂತ ನೋಡುವವರು ಯಾರು? ಹೊತ್ತು ಹೊತ್ತಿಗೆ ತಾನಾಗಿ ಆಹಾರ ಹಾಕುವ ಡಬ್ಬಿಗಳು ಬಂದಿವೆ. ಅವು ಆಹಾರ ಹಾಕುತ್ತವೆ, ಅಷ್ಟೇ. ಬಟ್ಟಲು ತುಂಬಿ ಚೆಲ್ಲಿದರೂ ಅವಕ್ಕೆ ಗೊತ್ತಾಗುವುದಿಲ್ಲ. ಕ್ಯಾಮೆರಾ ಇಟ್ಟವರನ್ನೂ ನೋಡಿದ್ದೇನೆ. ಮೂಲೆಯಲ್ಲಿ ಮುದುರಿ ಕೂತ ಮೊಲ ಕ್ಯಾಮೆರಾದಲ್ಲಿ ನಿದ್ದೆ ಮಾಡುತ್ತಿರುವ ಹಾಗೇ ಕಾಣುತ್ತದೆ. ಮೊಲ ಬೇಟೆಗೆ ಸಿಗುವ ಜೀವಿ. ಕಾಡಿನಲ್ಲಿ ಕಾಯಿಲೆ ತೋರಿಸಿಕೊಂಡರೆ ಬೇಟೆಯಾಡುವ ಪ್ರಾಣಿಗಳು ಮೊದಲು ಅದನ್ನೇ ಹಿಡಿಯುತ್ತವೆ. ಅದಕ್ಕೆ ನೋವನ್ನು ಮುಚ್ಚಿಟ್ಟುಕೊಳ್ಳುವುದು ಅದರ ಹುಟ್ಟುಗುಣ. ಕೂಗುವುದಿಲ್ಲ, ಗೋಳಿಡುವುದಿಲ್ಲ, ನಮ್ಮ ಹತ್ತಿರ ಬಂದು ಹೇಳಿಕೊಳ್ಳುವುದಿಲ್ಲ. ಹತ್ತಿರ ಹೋಗಿ ನೋಡಿದರೆ ಮಾತ್ರ ತಿಳಿಯುತ್ತದೆ.

ನೋಡಬೇಕಾದ್ದು ಮುಖ್ಯವಾಗಿ ಹಿಕ್ಕೆಯನ್ನು. ಈ ಮಾತು ಹೇಳಿದಾಗ ಮೂಗು ಮುಚ್ಚಿಕೊಳ್ಳುವವರಿದ್ದಾರೆ. ಆದರೆ ಮೊಲದ ಆರೋಗ್ಯ ತಿಳಿಯಲು ಮನೆಯಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆರೋಗ್ಯವಾಗಿರುವ ಮೊಲ ದಿನಕ್ಕೆ ನೂರಾರು ಹಿಕ್ಕೆ ಹಾಕುತ್ತದೆ. ದುಂಡಗೆ, ಒಣಗಿ, ಹೆಚ್ಚು ಕಡಿಮೆ ಎಲ್ಲ ಒಂದೇ ಗಾತ್ರ, ಸುಮಾರು 1 ಸೆಂಟಿಮೀಟರ್ ಅಗಲ. ಬೆರಳಲ್ಲಿ ಒತ್ತಿದರೆ ಪುಡಿಯಾಗಿ ಒಳಗೆ ಹುಲ್ಲಿನ ಎಳೆ ಕಾಣುತ್ತದೆ. ವಾಸನೆಯೂ ಇರುವುದಿಲ್ಲ. ಅದು ಸಣ್ಣದಾಗುತ್ತಾ ಬಂದರೆ, ಕಪ್ಪಾಗಿ ಗಟ್ಟಿಯಾದರೆ, ಕಡಿಮೆಯಾದರೆ ಏನೋ ಆಗಿದೆ ಅಂತ ಅರ್ಥ. ಕೂದಲು ಉದುರುವ ಕಾಲದಲ್ಲಿ ನುಂಗಿದ ಕೂದಲಿನಿಂದ ಒಂದಕ್ಕೊಂದು ಅಂಟಿಕೊಂಡು, ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ ಬೀಳುತ್ತವೆ. ಆಗ ಬ್ರಷ್ ಮಾಡಿ ಕೂದಲು ತೆಗೆಯಬೇಕು, ಹುಲ್ಲು ಜಾಸ್ತಿ ಕೊಡಬೇಕು. ಇನ್ನೊಂದು ಥರದ್ದೂ ಇದೆ. ಮೆತ್ತಗೆ, ಹೊಳೆಯುವ, ಗೊಂಚಲಾಗಿರುವ ಹಿಕ್ಕೆ. ಅದನ್ನು ಮೊಲ ಬಾಯಿ ಹಾಕಿ ನೇರವಾಗಿ ತಾನೇ ತಿಂದುಬಿಡುತ್ತದೆ. ಹೊಸಬರು ಇದನ್ನು ನೋಡಿದರೆ ಹೌಹಾರುತ್ತಾರೆ. ತಡೆಯಬೇಡಿ. ಒಂದು ಸಲ ಜೀರ್ಣವಾದದ್ದರಿಂದ ಉಳಿದ ಪೋಷಕಾಂಶ, ವಿಟಮಿನ್ನುಗಳನ್ನು ಅದು ಹೀಗೆ ಎರಡನೆಯ ಸಲ ಪಡೆದುಕೊಳ್ಳುತ್ತದೆ. ಆ ಗೊಂಚಲುಗಳು ತಿನ್ನದೆ ನೆಲದಲ್ಲೇ ಉಳಿಯುತ್ತಿದ್ದರೆ ಮಾತ್ರ ಯೋಚಿಸಬೇಕು. ಹೆಚ್ಚಾಗಿ ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಒಣ ಆಹಾರ) ಅಥವಾ ಸಿಹಿ ತಿಂಡಿ ಅತಿಯಾಗಿರುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಪರಿಚಯದ ಒಂದು ಕುಟುಂಬ ಕಂದು ಬಣ್ಣದ ಗಂಡು ಮೊಲವನ್ನು ನನ್ನಲ್ಲಿ ಬಿಟ್ಟು ಹೊರಟಿತು. ಮೊದಲ ದಿನ ಚೆನ್ನಾಗಿಯೇ ಇತ್ತು. ಮಾರನೆಯ ಬೆಳಿಗ್ಗೆ ಟ್ರೇ ತೆಗೆದು ನೋಡಿದರೆ ಹಿಕ್ಕೆ ಕಡಿಮೆ, ಇದ್ದವೂ ಸಣ್ಣ ಸಣ್ಣವು. ಎಲ್ಲಕ್ಕಿಂತ ಇಷ್ಟವಾದ ಕ್ಯಾರೆಟ್ ತುಂಡನ್ನು ಮೂಗಿನ ಹತ್ತಿರ ಹಿಡಿದೆ. ಮೂಸಿತು, ಮುಖ ತಿರುಗಿಸಿತು. ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು, ಕಣ್ಣು ಅರೆ ಮುಚ್ಚಿ ಕೂತಿತ್ತು. ಹೊಲಿಗೆ ಮೆಷಿನ್ ನಿಲ್ಲಿಸಿ ಕಿವಿಗೊಟ್ಟರೆ ಹಲ್ಲು ಕಡಿಯುವ ಸದ್ದು ಕೇಳಿಸುತ್ತಿತ್ತು. ತಲೆ ಸವರುವಾಗ ಮೊಲ ಖುಷಿಯಿಂದ ಹಲ್ಲು ಆಡಿಸುವುದು ಬೇರೆ. ಅದು ಕೈಗೆ ಸಣ್ಣಗೆ ನಡುಗಿದ ಹಾಗೆ ಗೊತ್ತಾಗುತ್ತದೆ, ಅಷ್ಟೇ. ಇದು ಜೋರಾದ, ಒರಟು ಸದ್ದು. ನೋವಿನದು. ತಕ್ಷಣ ಡಾಕ್ಟರಿಗೆ ಫೋನ್ ಮಾಡಿ ಬುಟ್ಟಿಯಲ್ಲಿ ಇಟ್ಟುಕೊಂಡು ಹೊರಟೆ. ಅವರು ಮೈ ಬಿಸಿ ನೋಡಿದರು. ಮೊಲದ ಮೈ ಬಿಸಿ ಸಾಮಾನ್ಯವಾಗಿ 38.5ರಿಂದ 40 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಇದರದ್ದು ಇಳಿಯುತ್ತಿತ್ತು. ಬೆಚ್ಚಗೆ ಇಟ್ಟು, ಚರ್ಮದಡಿ ದ್ರವ ಕೊಟ್ಟು, ನೋವಿಗೆ ಮದ್ದು ಕೊಟ್ಟರು. ಕರುಳು ಕಟ್ಟಿಕೊಂಡಿಲ್ಲ ಅಂತ ಖಚಿತವಾದ ಮೇಲೆ ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪ ತಿನ್ನಿಸುವುದನ್ನು ನನಗೆ ತೋರಿಸಿಕೊಟ್ಟರು. ಡಾಕ್ಟರು ನೋಡುವ ಮುಂಚೆ ಯಾರೂ ಬಲವಂತವಾಗಿ ತಿನ್ನಿಸಬೇಡಿ. ಕರುಳು ಕಟ್ಟಿಕೊಂಡಿದ್ದರೆ ಅದರಿಂದ ಅಪಾಯವೇ ಜಾಸ್ತಿ. ರಾತ್ರಿ ಹೊತ್ತಿಗೆ ಅದು ನಾಲ್ಕು ಹಿಕ್ಕೆ ಹಾಕಿತು. ನನಗೆ ಆದ ಸಂತೋಷ ಮೊಲ ಸಾಕಿದವರಿಗೆ ಮಾತ್ರ ಅರ್ಥವಾದೀತು.

ಯಾಕಾಯಿತು ಅಂದರೆ, ಹೊರಡುವ ಹಿಂದಿನ ದಿನ ಅವರ ಮನೆಯಲ್ಲಿ ಹಳೆಯ ಪೆಲೆಟ್ ಮುಗಿದಿತ್ತು. ಬೇರೆ ಕಂಪನಿಯದ್ದು ತಂದು ಹಾಕಿದ್ದರು. ಜೊತೆಗೆ ಪ್ರಯಾಣ, ಹೊಸ ಮನೆ, ಹೊಸ ವಾಸನೆ. ಅದರ ಹೊಟ್ಟೆಗೆ ಎಲ್ಲ ಒಟ್ಟಿಗೆ ಬಂತು. ಮೊಲದ ಆಹಾರವನ್ನು ಒಂದು ವಾರ, ಎರಡು ವಾರ ತೆಗೆದುಕೊಂಡು ನಿಧಾನವಾಗಿ ಬದಲಾಯಿಸಬೇಕು. ರಜೆಗೆ ಹೊರಡುವ ಹೊತ್ತಿನಲ್ಲಂತೂ ಬದಲಾಯಿಸಲೇಬಾರದು. ಆದ್ದರಿಂದ ಈಗ ನಾನು ಎಲ್ಲರಿಗೂ ಹೇಳುವುದು, ನೀವು ವಾಪಸ್ ಬರುವ ದಿನಕ್ಕಿಂತ ಇನ್ನೂ ನಾಲ್ಕು ದಿನಕ್ಕೆ ಆಗುವಷ್ಟು ಅದೇ ಪೆಲೆಟ್, ಅದೇ ಒಣಹುಲ್ಲು ಕೊಟ್ಟು ಹೋಗಿ. ಪ್ರಯಾಣ ತಡವಾಗುವುದು ಯಾರ ಕೈಯಲ್ಲೂ ಇಲ್ಲ.

ಆ ದಿನ ಬೇಗ ಡಾಕ್ಟರ ಹತ್ತಿರ ಹೋಗಲು ಆಗಿದ್ದು ಮೊದಲೇ ಅವರ ನಂಬರ್ ಕೇಳಿ ಬರೆದುಕೊಂಡಿದ್ದರಿಂದ. ಇದನ್ನು ಒತ್ತಿ ಹೇಳಬೇಕು. ಎಲ್ಲ ಪಶುವೈದ್ಯರಿಗೂ ಮೊಲ ನೋಡಿ ಅಭ್ಯಾಸ ಇರುವುದಿಲ್ಲ. ನಾಯಿ ಬೆಕ್ಕಿಗೆ ಕೊಡುವ ಕೆಲವು ಔಷಧಿಗಳು ಮೊಲಕ್ಕೆ ವಿಷ. ಅಮಾಕ್ಸಿಸಿಲಿನ್ ಥರದ ಪೆನಿಸಿಲಿನ್ ಜಾತಿಯ ಮದ್ದನ್ನು ಬಾಯಿಯಿಂದ ಕೊಟ್ಟರೆ ಮೊಲದ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಕೆಟ್ಟವು ಬೆಳೆಯುತ್ತವೆ, ಮೊಲ ಸಾಯಬಹುದು. ನಾಯಿಗಳ ಚಿಗಟಕ್ಕೆ ಹಚ್ಚುವ ಫಿಪ್ರೊನಿಲ್ ಕೂಡ ಮೊಲಕ್ಕೆ ಆಗದು. ನೋಡಿಕೊಳ್ಳುವವರು ಒಳ್ಳೆಯ ಮನಸ್ಸಿನಿಂದಲೇ ಮನೆಯಲ್ಲಿದ್ದ ಮದ್ದು ಹಾಕಿಬಿಡುವ ಸಾಧ್ಯತೆ ಇದೆ. ಆದ್ದರಿಂದ ಮೊಲ ನೋಡುವ ಡಾಕ್ಟರು ಯಾರು, ರಾತ್ರಿ ಅಥವಾ ಭಾನುವಾರ ತೊಂದರೆಯಾದರೆ ಎಲ್ಲಿಗೆ ಹೋಗಬೇಕು, ಇವೆರಡನ್ನೂ ಹೊರಡುವ ಮುಂಚೆಯೇ ತಿಳಿದು ಬರೆದಿಡಿ. ಡಾಕ್ಟರಿಗೂ ಒಂದು ಚೀಟಿ ಕೊಡಿ: ನಾನು ಸಿಗದಿದ್ದರೆ ಇಂಥವರು ನನ್ನ ಮೊಲಕ್ಕೆ ಚಿಕಿತ್ಸೆ ಕೊಡಿಸಲು ಒಪ್ಪಿಗೆ ಕೊಡಬಹುದು, ಖರ್ಚು ನನ್ನದು ಅಂತ. ನೋಡಿಕೊಳ್ಳುವವರ ಕೈಯಲ್ಲಿ ಸ್ವಲ್ಪ ಹಣವನ್ನೂ ಇಟ್ಟು ಹೋಗಿ. ನಿಮ್ಮ ಫೋನ್ ಹತ್ತುತ್ತಿಲ್ಲ, ಮೊಲ ನರಳುತ್ತಿದೆ, ಖರ್ಚು ಮಾಡಬಹುದೋ ಇಲ್ಲವೋ ಗೊತ್ತಿಲ್ಲ ಎನ್ನುವ ಸ್ಥಿತಿಗೆ ಇನ್ನೊಬ್ಬರನ್ನು ತಳ್ಳುವುದು ನ್ಯಾಯವಲ್ಲ.

ಮೊಲವನ್ನು ಎಲ್ಲಿ ಬಿಡಬೇಕು ಎನ್ನುವ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ. ಸಾಧ್ಯವಾದರೆ ಅದರ ಮನೆಯಲ್ಲೇ ಇರಲಿ. ಮೊಲಕ್ಕೆ ತನ್ನ ಜಾಗ ಅಂದರೆ ತನ್ನ ವಾಸನೆ ಇರುವ ಜಾಗ. ಗಲ್ಲವನ್ನು ಬಾಗಿಲಿಗೆ, ಕುರ್ಚಿ ಕಾಲಿಗೆ ಉಜ್ಜಿ ಉಜ್ಜಿ ಇದು ನಂದು ಅಂತ ಗುರುತು ಮಾಡಿಕೊಂಡಿರುತ್ತದೆ. ನಂಬಿಕಸ್ಥರು ಯಾರಾದರೂ ಅಲ್ಲೇ ಬಂದು ಉಳಿಯುವುದಾದರೆ ತುಂಬಾ ಒಳ್ಳೆಯದು. ಆಗದಿದ್ದರೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬರಲಿ. ದಿನಕ್ಕೆ ಒಂದೇ ಸಲ ಸಾಕಾಗುವುದಿಲ್ಲ. ಒಂದು ಭೇಟಿಗೂ ಇನ್ನೊಂದಕ್ಕೂ ನಡುವೆ 24 ಗಂಟೆ ಕಳೆದರೆ, ಮೊದಲ ಭೇಟಿ ಮುಗಿದ ಕೂಡಲೇ ತಿನ್ನುವುದು ನಿಲ್ಲಿಸಿದ ಮೊಲವನ್ನು ಯಾರೂ ನೋಡಿರುವುದಿಲ್ಲ. ಬೆಳಗಿನ ಜಾವ, ಸಂಜೆಗತ್ತಲ ಹೊತ್ತಿನಲ್ಲಿ ಮೊಲ ಚುರುಕಾಗಿರುತ್ತದೆ. ಆ ಹೊತ್ತಿಗೆ ಬಂದರೆ ಅದು ಓಡಾಡುತ್ತಿದೆಯಾ, ಮುಂದೆ ಬಂದು ಸೊಪ್ಪು ಇಸಿದುಕೊಳ್ಳುತ್ತದೆಯಾ ಅಂತ ಚೆನ್ನಾಗಿ ಗೊತ್ತಾಗುತ್ತದೆ. ಬಂದವರು ಹುಲ್ಲು ಹಾಕಿ ಓಡಬಾರದು. ಅರ್ಧ ಗಂಟೆಯಾದರೂ ನೆಲದ ಮೇಲೆ ಸುಮ್ನೆ ಕೂರಬೇಕು.

ಬೇರೆಯವರ ಮನೆಯಲ್ಲಿ ಬಿಡುವುದಾದರೆ ಅಲ್ಲಿ ನಾಯಿ, ಬೆಕ್ಕು ಇದೆಯಾ ಕೇಳಿ. ಎಷ್ಟೇ ಸಾಧು ನಾಯಿಯಾದರೂ ಅದರ ವಾಸನೆಯೇ ಮೊಲಕ್ಕೆ ಹೆದರಿಕೆ. ಸಾಕುಪ್ರಾಣಿಗಳನ್ನು ಇಟ್ಟುಕೊಳ್ಳುವ ಜಾಗಗಳಿಗೆ ಬಿಡುವವರು ಮೊದಲು ಹೋಗಿ ಕಣ್ಣಾರೆ ನೋಡಿ ಬರಲಿ. ನಾಯಿ ಬೊಗಳುವುದು ಮೊಲದ ಕೋಣೆಗೆ ಕೇಳಿಸುತ್ತದೆಯಾ, ಹುಲ್ಲು ಸದಾ ಇರುತ್ತದೆಯಾ, ಬೇರೆ ಬೇರೆ ಮನೆಯ ಮೊಲಗಳನ್ನು ಒಂದೇ ಕಡೆ ಬಿಡುತ್ತಾರಾ, ಹಿಕ್ಕೆ ನಿಂತರೆ ಏನು ಮಾಡುತ್ತೀರಿ ಅಂತ ಕೇಳಿ. ಈ ಕೊನೆಯ ಪ್ರಶ್ನೆಗೆ ತಡವರಿಸಿದರೆ ಅಲ್ಲಿ ಬಿಡಬೇಡಿ. ಇನ್ನೊಂದು ಕಾರಣಕ್ಕೂ ಇದು ಮುಖ್ಯ. 1984ರಲ್ಲಿ ಚೀನಾದಲ್ಲಿ ಮೊದಲು ಕಾಣಿಸಿಕೊಂಡ ರಕ್ತಸ್ರಾವದ ವೈರಸ್ ಕಾಯಿಲೆ ಮೊಲಗಳನ್ನು ಒಂದೆರಡು ದಿನದಲ್ಲೇ ಕೊಲ್ಲುತ್ತದೆ. ಅದರ ಇನ್ನೊಂದು ತಳಿ 2010ರಲ್ಲಿ ಫ್ರಾನ್ಸಿನಲ್ಲಿ ಕಾಣಿಸಿಕೊಂಡು ಬೇರೆ ದೇಶಗಳಿಗೂ ಹರಡಿತು. ಇದು ಬಟ್ಟೆ, ಚಪ್ಪಲಿ, ಹುಲ್ಲು, ನೊಣಗಳ ಮೂಲಕವೂ ಬರುತ್ತದೆ. ಲಸಿಕೆ ಕೆಲವು ದೇಶಗಳಲ್ಲಿ ಇದೆ, ಎಲ್ಲ ಕಡೆ ಸಿಗುವುದಿಲ್ಲ. ನಿಮ್ಮ ಡಾಕ್ಟರನ್ನು ಕೇಳಿ. ಸಿಗುವುದಾದರೆ ಹೊರಡುವ ಕೆಲವು ವಾರ ಮುಂಚೆಯೇ ಹಾಕಿಸಿ.

ಜೊತೆಗೇ ಕರೆದುಕೊಂಡು ಹೋಗೋಣ ಅಂತ ಮಕ್ಕಳು ಹಟ ಮಾಡುತ್ತಾರೆ. ಆಸೆ ಅರ್ಥವಾಗುತ್ತದೆ. ಆದರೆ ವಾಹನದ ಕುಲುಕಾಟ, ಸದ್ದು, ಸೆಕೆ ಯಾವುದೂ ಮೊಲಕ್ಕೆ ಆಗುವುದಿಲ್ಲ. ಮೊಲಕ್ಕೆ ನಮ್ಮ ಹಾಗೆ ಬೆವರಿ ತಣ್ಣಗಾಗಲು ಬರುವುದಿಲ್ಲ. ಮೈಯ ಬಿಸಿ ಹೆಚ್ಚಾಗಿ ಆ ಉದ್ದ ಕಿವಿಗಳಿಂದಲೇ ಹೊರಗೆ ಹೋಗಬೇಕು. ಸುತ್ತಲಿನ ಬಿಸಿ 30 ಡಿಗ್ರಿ ದಾಟಿದರೆ ಅಪಾಯ. ನಿಲ್ಲಿಸಿದ ಕಾರಿನೊಳಗೆ ಸ್ವಲ್ಪ ಹೊತ್ತು ಬಿಟ್ಟರೂ ಜೀವ ಹೋಗಬಹುದು. ಮನೆಯಲ್ಲಿದ್ದರೂ ಸೆಕೆಗಾಲದಲ್ಲಿ ನೀರನ್ನು ಬಾಟಲಿಯಲ್ಲಿ ಹೆಪ್ಪುಗಟ್ಟಿಸಿ, ಬಟ್ಟೆ ಸುತ್ತಿ ಪಕ್ಕದಲ್ಲಿಡಲು ನೋಡಿಕೊಳ್ಳುವವರಿಗೆ ಹೇಳಿ. ಮೊಲ ತಾನೇ ಬಂದು ಒರಗಿಕೊಳ್ಳುತ್ತದೆ. ನೀರಿಗೆ ತೂಕದ, ಮಗುಚದ ಬಟ್ಟಲು ಒಳ್ಳೆಯದು. ಗೂಡಿಗೆ ಕಟ್ಟುವ ನೀರಿನ ಬಾಟಲಿಯ ತುದಿಯ ಗುಂಡು ಸಿಕ್ಕಿಕೊಂಡರೆ ಬಾಟಲಿ ತುಂಬ ನೀರಿದ್ದರೂ ಮೊಲಕ್ಕೆ ಒಂದು ಹನಿಯೂ ಸಿಗುವುದಿಲ್ಲ.

ಇಲ್ಲಿ ಪಕ್ಕದ ಮನೆಯ ಹುಡುಗಿಯ ವಿಷಯ ಹೇಳಲೇಬೇಕು. ಹೊರಡುವ ಮುಂಚೆ ಅವಳು ಒಂದು ನೋಟ್‌ಬುಕ್ ತಂದುಕೊಟ್ಟಳು. ಅವಳ ಮೊಲ ಎಷ್ಟು ಹೊತ್ತಿಗೆ ಏಳುತ್ತದೆ, ಯಾವ ಸೊಪ್ಪು ಮೊದಲು ತಿನ್ನುತ್ತದೆ, ಯಾವ ಸದ್ದಿಗೆ ಹಿಂಗಾಲು ನೆಲಕ್ಕೆ ಬಡಿಯುತ್ತದೆ, ಎಲ್ಲ ಬರೆದಿದ್ದಳು. ಟ್ರೇಯಲ್ಲಿ ಒಂದು ರಾತ್ರಿ ಬಿದ್ದ ಹಿಕ್ಕೆಯ ಫೋಟೊ ಪ್ರಿಂಟ್ ಹಾಕಿಸಿ ಅಂಟಿಸಿದ್ದಳು. “ಆಂಟಿ, ಇಷ್ಟಿದ್ರೆ ಸರಿ. ಇದಕ್ಕಿಂತ ಕಮ್ಮಿ ಆದ್ರೆ ನಂಗೆ ಫೋನ್ ಮಾಡಿ” ಅಂದಳು. ಎಷ್ಟು ದೊಡ್ಡವರಿಗೂ ಹೊಳೆಯದ ಉಪಾಯ ಅದು. ಕಡಿಮೆ, ಜಾಸ್ತಿ ಅಂತ ಬಾಯಲ್ಲಿ ಹೇಳಿದರೆ ಹೊಸಬರಿಗೆ ತಿಳಿಯುವುದಿಲ್ಲ. ಫೋಟೊ ನೋಡಿದರೆ ತಿಳಿಯುತ್ತದೆ. ಆವತ್ತಿನಿಂದ ಯಾರೇ ಮೊಲ ಬಿಟ್ಟು ಹೋದರೂ ನಾನು ಈ ಫೋಟೊ ಕೇಳುತ್ತೇನೆ. ಹೊರಡುವ ಮುಂಚಿನ ತೂಕವನ್ನೂ ಕೇಳಿ ಬರೆದುಕೊಳ್ಳುತ್ತೇನೆ. ಅವಳು ದಿನಾ ಫೋನ್ ಮಾಡಿ ಕೇಳುತ್ತಿದ್ದ ಮೊದಲ ಮಾತು “ತಿಂತಾ?”

ನೋಡಿಕೊಳ್ಳುವವರು ನೀವು ಮನೆಯಲ್ಲಿರುವಾಗಲೇ ಒಂದೆರಡು ಸಲ ಬಂದು ಹೋಗಲಿ. ಮೊಲಕ್ಕೆ ಅವರ ವಾಸನೆ, ದನಿ ಪರಿಚಯವಾಗುತ್ತದೆ. ನಿಮ್ಮ ಎದುರಿಗೇ ಅವರು ಹುಲ್ಲು ಹಾಕಲಿ, ಟ್ರೇ ತೆಗೆಯಲಿ. ಹುಲ್ಲು ಎಷ್ಟು ಹಾಕಬೇಕು ಅಂತ ಕೇಳಿದರೆ, ಯಾವತ್ತೂ ಖಾಲಿಯಾಗದಷ್ಟು. ಮೊಲದ ಊಟದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಹುಲ್ಲೇ ಇರಬೇಕು. ಅದರ ಬಾಚಿಹಲ್ಲುಗಳು ವಾರಕ್ಕೆ 2 ಮಿಲಿಮೀಟರಿನಷ್ಟು ಬೆಳೆಯುತ್ತಲೇ ಇರುತ್ತವೆ, ದವಡೆ ಹಲ್ಲುಗಳೂ ಬೆಳೆಯುತ್ತವೆ. ಹುಲ್ಲು ಅಗಿದೇ ಸವೆಯಬೇಕು. ಪೆಲೆಟ್ ಮಾತ್ರ ಅಳತೆಯಲ್ಲಿ ಕೊಡಿ. ನಾನು ಒಂದೊಂದು ಹೊತ್ತಿಗೆ ಒಂದೊಂದು ಪೊಟ್ಟಣ ಕಟ್ಟಿಸಿಕೊಳ್ಳುತ್ತೇನೆ. ಅಯ್ಯೋ ಪಾಪ, ಅಪ್ಪ ಅಮ್ಮ ಇಲ್ಲ ಅಂತ ನೋಡಿಕೊಳ್ಳುವವರು ಜಾಸ್ತಿ ಹಾಕಿಬಿಡುತ್ತಾರೆ. ಕ್ಯಾರೆಟ್, ಹಣ್ಣು ಕೂಡ ಹಾಗೆಯೇ. ಮೊಲ ಅಂದರೆ ಕ್ಯಾರೆಟ್ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅದರಲ್ಲಿ ಸಿಹಿ ಇದೆ, ಬೆರಳ ತುದಿಯಷ್ಟು ಸಾಕು.

ಹಾಸಿಗೆ ಬಟ್ಟೆಯನ್ನೆಲ್ಲ ಒಗೆದು ಶುದ್ಧ ಮಾಡಿ ಕಳಿಸುವವರಿದ್ದಾರೆ. ದಯವಿಟ್ಟು ಒಂದನ್ನಾದರೂ ಒಗೆಯದೆ ಬಿಡಿ, ಅದರ ಸ್ವಂತ ವಾಸನೆ ಇರಲಿ. ಬಟ್ಟೆ ದಪ್ಪ ಹತ್ತಿಯದ್ದು, ಅಂಚು ಮಡಿಚಿ ಹೊಲಿದದ್ದು ಆಗಿರಲಿ. ಎಳೆ ಬಿಡುವ ಬಟ್ಟೆಯನ್ನು ಮೊಲ ಎಳೆದೆಳೆದು ನುಂಗುತ್ತದೆ. ಈ ಒಂದು ವಿಷಯದಲ್ಲಿ ನನ್ನ ಕೆಲಸ ನನಗೆ ಉಪಯೋಗಕ್ಕೆ ಬಂದಿದೆ. ನನ್ನಲ್ಲಿ ಬಂದು ಹೋಗುವ ಮೊಲಗಳಿಗೆಲ್ಲ ಮಿಕ್ಕ ಬಟ್ಟೆಯಲ್ಲಿ ಒಂದೊಂದು ಹಾಸು ಹೊಲಿದು ಕೊಟ್ಟಿದ್ದೇನೆ. ಮೆಷಿನ್ನಿನ ವೈರಿಗೆ ಗಟ್ಟಿ ಪೈಪು ಹಾಕಿಸಿದ್ದೇನೆ. ಮೊಲ ಓಡಾಡುವ ಕೋಣೆಯಲ್ಲಿ ನೆಲದ ಮೇಲೆ ಬಿದ್ದ ವೈರು ಇರಲೇಬಾರದು.

ಎತ್ತಿಕೊಳ್ಳುವ ವಿಷಯ. ಮೊಲವನ್ನು ನೋಡಿದ ಕೂಡಲೇ ಎಲ್ಲರ ಕೈಯೂ ಮುಂದೆ ಬರುತ್ತದೆ, ಅದರಲ್ಲೂ ಮಕ್ಕಳದ್ದು. ಮೊಲದ ಮೂಳೆಗಳು ಹಗುರ, ಹಿಂಗಾಲಿನ ಸ್ನಾಯುಗಳು ಬಲವಾದವು. ಸರಿಯಾಗಿ ಆಸರೆ ಕೊಡದೆ ಎತ್ತಿದಾಗ ಜೋರಾಗಿ ಒದ್ದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಹುದು. ಕಿವಿ ಹಿಡಿದು ಎತ್ತುವುದಂತೂ ಕ್ರೌರ್ಯ. ಮೂಗಿನ ನೇರಕ್ಕೆ ಕೈ ತರುವುದೂ ಬೇಡ. ಮೊಲಕ್ಕೆ ಸುತ್ತಲೂ ಕಾಣುತ್ತದೆ, ಮೂಗಿನ ಎದುರಿಗಿರುವ ಸ್ವಲ್ಪ ಜಾಗ ಮಾತ್ರ ಕಾಣುವುದಿಲ್ಲ. ಪಕ್ಕದಿಂದ, ತಗ್ಗಿನಲ್ಲಿ, ನಿಧಾನವಾಗಿ ಹಣೆ ಸವರಿ. ಹತ್ತಿರ ಬಂದರೆ ಬರಲಿ, ಬಾರದಿದ್ದರೆ ಬಿಡಿ. ನೋಡಿಕೊಳ್ಳುವವರ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಮುಂಚೆಯೇ ಕೂರಿಸಿ ಹೇಳಿ. ಹಾಗಂತ ಹಿಂಭಾಗ ನೋಡದೆ ಬಿಡುವ ಹಾಗಿಲ್ಲ. ಸೆಕೆಯ ದಿನಗಳಲ್ಲಿ ಅಲ್ಲಿ ಗಲೀಜು ಅಂಟಿದ್ದರೆ ನೊಣ ಮೊಟ್ಟೆ ಇಡುತ್ತದೆ, ಕೆಲವೇ ಗಂಟೆಗಳಲ್ಲಿ ಹುಳುಗಳಾಗಿ ಮಾಂಸವನ್ನೇ ತಿನ್ನಲು ಶುರು ಮಾಡುತ್ತವೆ. ದಿನಕ್ಕೆ ಎರಡು ಸಲ ನೋಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಜೊತೆಯಾಗಿ ಬೆಳೆದ ಎರಡು ಮೊಲ ಇದ್ದರೆ ಇಬ್ಬರನ್ನೂ ಒಟ್ಟಿಗೇ ಇಡಿ. ಒಂದನ್ನು ಅಜ್ಜಿ ಮನೆಗೆ, ಇನ್ನೊಂದನ್ನು ಚಿಕ್ಕಮ್ಮನ ಮನೆಗೆ ಅಂತ ಹಂಚಬೇಡಿ. ಒಂದಕ್ಕೆ ಹುಷಾರಿಲ್ಲದೆ ಡಾಕ್ಟರ ಹತ್ತಿರ ಹೋದರೂ ಇನ್ನೊಂದನ್ನೂ ಕರೆದುಕೊಂಡು ಹೋಗುವುದು ಒಳ್ಳೆಯದು. ಬೇರೆಯಾಗಿ ವಾಪಸ್ ಬಂದಾಗ ಒಂದನ್ನೊಂದು ಗುರುತಿಸದೆ ಜಗಳ ಆಡುವುದುಂಟು. ಪರಿಚಯವಿಲ್ಲದ ಎರಡು ಮೊಲಗಳನ್ನು ಮಾತ್ರ ಯಾವತ್ತೂ ಒಟ್ಟಿಗೆ ಬಿಡಬಾರದು. ಒಂಟಿಯಾಗಿರುತ್ತದೆ, ಚುಕ್ಕಿ ಜೊತೆ ಆಡಿಕೊಂಡಿರಲಿ ಬಿಡಿ ಅಂತ ನನಗೆ ಹೇಳಿದವರಿದ್ದಾರೆ. ನಾನು ಒಪ್ಪುವುದಿಲ್ಲ. ಮೊಲಗಳು ಜಗಳಕ್ಕೆ ಬಿದ್ದರೆ ಚರ್ಮ ಹರಿಯುವ ಹಾಗೆ ಕಚ್ಚಾಡುತ್ತವೆ. ಆಪರೇಷನ್ ಆಗದ ಗಂಡು ಹೆಣ್ಣಾದರೆ ಒಂದು ಗಳಿಗೆ ಸಾಕು, ಸುಮಾರು 31 ದಿನಕ್ಕೆ ಗೂಡಿನ ತುಂಬ ಮರಿಗಳು.

ನೋಡಿಕೊಳ್ಳಿ ಅಂತ ಕೇಳಿಸಿಕೊಂಡವರಿಗೂ ಒಂದು ಮಾತು. ಆಗುವುದಿಲ್ಲ ಅನಿಸಿದರೆ ಆಗುವುದಿಲ್ಲ ಅಂತ ಹೇಳಿಬಿಡಿ. ಸಂಕೋಚಕ್ಕೆ ಒಪ್ಪಿಕೊಂಡು, ಆಮೇಲೆ ಒಂದು ದಿನ ಬಿಟ್ಟು ಒಂದು ದಿನ ಹೋಗುವುದು ಬೇಡ. ಏನಾದರೂ ವ್ಯತ್ಯಾಸ ಕಂಡರೆ, ರಜೆಯಲ್ಲಿರುವವರಿಗೆ ಯಾಕೆ ತೊಂದರೆ ಕೊಡುವುದು ಅಂತ ಬೆಳಗಿನವರೆಗೆ ಕಾಯಬೇಡಿ. ಸುಮ್ನೆ ಹೆದರಿ ಫೋನ್ ಮಾಡಿದಿರಿ ಅಂತ ಯಾವ ಮೊಲದ ಮನೆಯವರೂ ಬೈಯುವುದಿಲ್ಲ. ಬಿಟ್ಟು ಹೋಗುವವರೂ ಅಷ್ಟೇ, ಈ ಕೆಲಸವನ್ನು ಹಗುರವಾಗಿ ಕಾಣಬೇಡಿ. ದಿನಕ್ಕೆ ಎರಡು ಸಲ ಬಂದು, ಟ್ರೇ ತೊಳೆದು, ನೆಲದಲ್ಲಿ ಕೂತು ನೋಡುವವರಿಗೆ ಅವರ ಶ್ರಮಕ್ಕೆ ತಕ್ಕ ಹಣ ಕೊಡಿ. ಸ್ನೇಹಿತರೇ ಆದರೂ ಕೇಳಿ ಕೊಡಿ.

ಇದು ಬರೀ ಮೊಲ, ಇಷ್ಟೆಲ್ಲ ಯಾಕೆ ಅಂತ ನನ್ನ ಎದುರಿಗೇ ಹೇಳಿದವರಿದ್ದಾರೆ. ಚೆನ್ನಾಗಿ ನೋಡಿಕೊಂಡರೆ ಮೊಲ 8ರಿಂದ 12 ವರ್ಷ ಬದುಕುತ್ತದೆ. ಒಂದು ಮಗು ಶಾಲೆಗೆ ಸೇರಿ ಹೈಸ್ಕೂಲು ಮುಗಿಸುವಷ್ಟು ಕಾಲ ಅದು ಆ ಮನೆಯಲ್ಲಿರುತ್ತದೆ. ನಾಯಿಗೆ, ಬೆಕ್ಕಿಗೆ ನಿಮ್ಮ ಪುಟದಲ್ಲಿ ಇಷ್ಟು ಜಾಗ ಕೊಟ್ಟಿರಿ. ಮೊಲಕ್ಕೂ ಅಷ್ಟು ಸಿಗಬೇಕಿತ್ತು.

ನನ್ನ ಕೋರಿಕೆ ಇಷ್ಟು. ಶಾಲೆಗಳಿಗೆ ರಜೆ ಶುರುವಾಗುವ ಮುಂಚೆಯೇ ಆ ಸಾಲಿಗೆ ತಿದ್ದುಪಡಿ ಹಾಕಿ. ಪುರವಣಿ ಬಂದ ಪುಟದಲ್ಲೇ, ಕಣ್ಣಿಗೆ ಬೀಳುವ ಹಾಗೆ ಬರಲಿ. ಮೊಲಗಳಿಗೆ ಚಿಕಿತ್ಸೆ ಕೊಟ್ಟು ಅನುಭವ ಇರುವ ಪಶುವೈದ್ಯರಿಂದ ಒಂದು ಲೇಖನ ಬರೆಸಿದರೆ ಇನ್ನೂ ಒಳ್ಳೆಯದು. ಮೊಲಗಳ ಜೊತೆ ಗಿನಿ ಪಿಗ್ ವಿಷಯವನ್ನೂ ಕೇಳಿ ಬರೆಸಿ, ಅವಕ್ಕೂ ತಿನ್ನುವುದು ನಿಂತರೆ ಹೀಗೇ ಅಪಾಯ. ಜಾಗ ಕಡಿಮೆ ಇದ್ದು ನನ್ನ ಪತ್ರವನ್ನು ಕತ್ತರಿಸಬೇಕಾದರೆ ಧಾರಾಳವಾಗಿ ಕತ್ತರಿಸಿ. 12 ಗಂಟೆಯ ಮಾತು ಮತ್ತು ದಿನಕ್ಕೆ ಎರಡು ಸಲ ನೋಡುವ ಮಾತು, ಇವೆರಡನ್ನು ಮಾತ್ರ ಬಿಡಬೇಡಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗಳು